ಬುಡದಲ್ಲೊಂದು ತ್ರಿಕೋನ

ಕೌಹಾಯೋಕಿ, ಫಿನ್‌ಲ್ಯಾಂಡ್
ನವೆಂಬರ್ ೨೮

ಪ್ರೀತಿಯ ಎಯ್ನಾರಿ,

ಹೇಗಿದ್ದೀಯ? ಬಿಳಿ ಕೋಲು ಹಿಡಿದು ನಡೆಯುವ ಪಾಠ ಎಲ್ಲಿಗೆ ಬಂತು? ಮಂಡಿಗೆ ಮುಲಾಮು ಹಚ್ಚುತ್ತಿದ್ದೀಯೋ, ಪೆಟ್ಟಿಗೆಯಲ್ಲೇ ಮಲಗಿಸಿದ್ದೀಯೋ? ಇದನ್ನು ಓದಿ ಹೇಳುತ್ತಿರುವ ನರ್ಸಮ್ಮನಿಗೆ ನಮಸ್ಕಾರ. ಬೈಗುಳ ಬಂದಲ್ಲಿ ಬಿಡದೆ ಓದಮ್ಮಾ, ಅದು ಅವನಿಗೇ ಸೇರಿದ್ದು.

ಗೆದ್ದೆವು ಮಾರಾಯ! ತಪಾಸಣೆಯಲ್ಲಿ ನಮ್ಮ ಹೊಸ ಬಾಟಲಿ ಪಾಸಾಯಿತು. ಕಣ್ಣು ಹೋದ ಮೇಲೆ ನೀನೊಮ್ಮೆ ಹಣ್ಣಿನ ರಸವೆಂದು ಕ್ಷಾರದ ಬಾಟಲಿಯನ್ನೇ ಬಾಯಿಗೆತ್ತಿದೆ, ನಾನು ಕಿತ್ತುಕೊಂಡೆ. "ಇನ್ನು ಈ ಮನೆಗೆ ಬರಲ್ಲ ಲೆಂಪಿ" ಎಂದು ಹೇಳಿ ಆ ಅಂಧರ ಕೇಂದ್ರಕ್ಕೆ ಹೋದೆಯಲ್ಲ, ಅಂದಿನಿಂದ ನನಗೆ ಆ ಬಾಟಲಿಗಳ ಮೇಲೆ ಕಡುಕೋಪ. ಕ್ರಿಸ್‌ಮಸ್ ಊಟದ ಒಣಮೀನನ್ನು ನೆನೆಸಿ ಮೆದುವಾಗಿಸಿ, ಆಮೇಲೆ ತೊಳೆದು ಬೇಯಿಸಲು ಊರಿಗೆಲ್ಲ ಕ್ಷಾರ ಮಾಡಿಕೊಡುವವರು ನಾವು. ನಿನ್ನಮ್ಮನ ಕಾಲದಿಂದ ಅದನ್ನು ರಸದ ಬಾಟಲಿಯಲ್ಲೇ ತುಂಬಿದವರೂ ನಾವೇ. ಮೈ ಸುಡುವ ವಸ್ತು ತಿನ್ನುವ, ಕುಡಿಯುವ ಪದಾರ್ಥದಂತೆ ಕಾಣಬಾರದೆಂದು ಕಾನೂನು ಬಂದು ಎಷ್ಟು ಕಾಲವಾಯಿತು! ಕೆಂಪಂಚಿನ ಅಪಾಯದ ಚಿತ್ರ, ಮಕ್ಕಳ ಕೈಗೆ ಬಗ್ಗದ ಮುಚ್ಚಳ, ಕಾಣದವರ ಬೆರಳಿಗೆ ಸಿಗುವ ಉಬ್ಬು ತ್ರಿಕೋನ, ಎಲ್ಲ ಬೇಕು. ನಿನ್ನ ತಮ್ಮ ತಾವೆಟ್ಟಿ ಮಾತ್ರ, "ಹೋಗತ್ತಿಗೆ, ಕ್ಷಾರ ಯಾವ್ದು ರಸ ಯಾವ್ದು ಅಂತ ನಮ್ಮೂರ ಬೆಕ್ಕಿಗೂ ಗೊತ್ತು" ಎಂದು ಹಳೆಯದನ್ನೇ ಹಿಡಿದು ಕೂತಿದ್ದ.

ಮೊನ್ನೆ ತಪಾಸಣೆಯವಳು ಕಾಫಿಗೆ ಕೂತಿದ್ದಾಗ ನಾನು ಅವನ ಕಣ್ಣಿಗೆ ನನ್ನ ಉಣ್ಣೆಯ ಶಾಲು ಬಿಗಿದೆ. "ಬೆಕ್ಕಿಗೆ ಗೊತ್ತಾಗೋದು ನಿಂಗೂ ಗೊತ್ತಾಗ್ಲಿ. ರಸ ಎತ್ತಿ ಕೊಡು ನೋಡೋಣ." ಮುಂದಿಟ್ಟ ರಸದ ಬಾಟಲಿ, ಕ್ಷಾರದ ಹಳೆಯ ಬಾಟಲಿ ಎರಡನ್ನೂ ತಡವಿ, ಅಲ್ಲಾಡಿಸಿ, ಠೀವಿಯಿಂದ ಒಂದನ್ನು ಅವಳ ಮುಂದೆ ಚಾಚಿದ. "ತಗೊಳ್ಳಮ್ಮ, ನಮ್ಮ ಕಾಡಿನ ಹಣ್ಣಿಂದು!" ಶಾಲು ಬಿಚ್ಚಿದರೆ ಕೈಯಲ್ಲಿ ಕ್ಷಾರ. ಅವನ ಮುಖ ನೀನು ನೋಡಬೇಕಿತ್ತು. ನೋಡಲಾಗದು, ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ, ಸುಣ್ಣ ಬಳಿದ ಗೋಡೆಯ ಹಾಗಿತ್ತು. ಮತ್ತೆ ಕಣ್ಣು ಕಟ್ಟಿ ಹೊಸ ಬಾಟಲಿ ಕೊಟ್ಟೆ. ಬೆರಳು ಬುಡದ ತ್ರಿಕೋನಕ್ಕೆ ತಾಗಿದ್ದೇ ತಡ, "ಅಯ್ಯಯ್ಯೋ, ಇದು ಕ್ಷಾರ!" ಎಂದು ದೂರ ಸರಿಸಿದ. ಈಗ ತ್ರಿಕೋನ ತನ್ನದೇ ಯೋಚನೆಯೆಂದು ಊರೆಲ್ಲ ಸಾರುತ್ತಿದ್ದಾನೆ. ಸಾರಲಿ ಬಿಡು, ಗೆದ್ದವರು ನಾವು.

ಬೆಚ್ಚಗಿರು. ದೇವರು ನಿನ್ನನ್ನು ಕಾಯಲಿ, ನಿನ್ನ ಹಟವನ್ನಲ್ಲ.

ನಿನ್ನ
ಲೆಂಪಿ

ತಾ.ಕ.: ಪೊಟ್ಟಣದಲ್ಲಿ ಎರಡು ಖಾಲಿ ಬಾಟಲಿಗಳಿವೆ. ಬುಡ ಸವರಿ ನೋಡು. ನುಣುಪಾದದ್ದು ರಸದ್ದು. ಹಳೆಯವನ್ನು ಒಂದೂ ಉಳಿಸದೆ ಮನೆಯಿಂದ ಸಾಗಹಾಕಿದ್ದೇನೆ. ಶನಿವಾರ ತಾವೆಟ್ಟಿ ಕಾರು ತರುತ್ತಾನೆ, ತೆಪ್ಪಗೆ ಹತ್ತು. ಈ ಸಲವೂ ಮೀನಿಗೆ ಕ್ಷಾರ ಹಾಕುವವನು ನೀನೇ.