ತುದಿ ಒರೆಸುವುದಿಲ್ಲ, ಕಾಕಾ

ಕಾಕಾ,

ನೀನು ಹೋದೆ ಅಂತ ನಮ್ಮ ಜಗಳ ಮುಗಿದಿಲ್ಲ. ಕೊನೆಯ ಮಾತು ನಿನ್ನದೇ ಆಗಲಿ ಅಂತ ಸುಮ್ಮನೆ ಕೂರುವವಳು ನಾನಲ್ಲ. ಅಪ್ಪ ತೀರಿಕೊಂಡ ಮೇಲೆ ನಿನ್ನ ಮನೆಯಲ್ಲೇ ಉಂಡು, ನಿನ್ನ ರಿಪೇರಿ ಅಂಗಡಿಯಲ್ಲೇ ಕೆಲಸ ಕಲಿತವಳು. ನನ್ನ ಹಟ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕೇ?

ನೀನು ಊಟ ಮುಗಿಸುತ್ತಿದ್ದ ರೀತಿ ಕಣ್ಣ ಮುಂದಿದೆ. ತಾಟಿನಲ್ಲಿ ಒಂದು ಅಗುಳೂ ಉಳಿಯಬಾರದು. ಬೆರಳಿನಿಂದ ಬಳಿದು ತಿಂದು, ತಾಟಿಗೆ ನೀರು ಹಾಕಿ, ಆ ತೊಳೆದ ನೀರನ್ನೂ ಪ್ರಸಾದ ಅಂತ ಕುಡಿಯುತ್ತಿದ್ದೆ. ಒಳ್ಳೆಯದೇ, ನಾನೂ ಹಾಗೇ ಉಣ್ಣುತ್ತೇನೆ. ಆದರೆ ಆ ರೂಢಿಯನ್ನು ಅಂಗಡಿಗೂ ತಂದೆಯಲ್ಲ! ಸಂಜೆ ಶಟರ್ ಎಳೆಯುವ ಮೊದಲು ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ನಿನ ತುದಿಗೆ ಅಂಟಿದ ಬೆಸುಗೆ ಸೀಸವನ್ನೆಲ್ಲ ಬಟ್ಟೆಯಿಂದ ಒರೆಸಿ, ತುದಿ ಬೆಳ್ಳಗಾದ ಮೇಲೆಯೇ ಕರೆಂಟ್ ತೆಗೆಯಬೇಕು. ಯಾರಾದರೂ ಮರೆತರೆ, ಎಂಜಲು ಬಿಟ್ಟು ಎದ್ದೆಯೇನು ಅಂತ ಬೈಗುಳ. ಕಾಕಾ, ಅದು ಎಂಜಲಲ್ಲ. ಆ ಸೀಸವೇ ತುದಿಯ ಹೊದಿಕೆ. ಅದನ್ನು ತೆಗೆದರೆ ಬಿಸಿ ಲೋಹಕ್ಕೆ ಗಾಳಿ ತಾಕಿ ಕಪ್ಪಾಗುತ್ತದೆ. ಮರುದಿನ ಸೀಸ ಹಿಡಿಯುವುದೇ ಇಲ್ಲ, ಗುಂಡಗಾಗಿ ಉರುಳಿ ಬೀಳುತ್ತದೆ. ಎಷ್ಟು ಸಲ ಹೇಳಿದೆ ನಿನಗೆ?

ನಾನು ಮೊದಲ ಸಲ ಹೊಸ ಮಾದರಿಯ ತುದಿ ತಂದ ದಿನ ನೆನಪಿದೆಯೇ? ನಿನ್ನ ಕಾಲದ್ದು ಅಪ್ಪಟ ತಾಮ್ರ. ಸೀಸ ತಾಮ್ರವನ್ನು ತಿನ್ನುತ್ತದೆ, ತುದಿಯಲ್ಲಿ ಕುಣಿ ಬೀಳುತ್ತದೆ, ಅರ ಹಿಡಿದು ಉಜ್ಜಿದರೆ ಮತ್ತೆ ಹೊಸದು. ಅದು ಸರಿಯೇ ಇತ್ತು. ಆದರೆ ಈಗಿನದರಲ್ಲಿ ತಾಮ್ರ ಒಳಗೆ, ಮೇಲೆ ಕಬ್ಬಿಣದ ತೆಳು ಲೇಪ. ಆ ಲೇಪ ಇರುವತನಕ ಅದರ ಆಯುಷ್ಯ. ಅದು ಒಂದಿಷ್ಟು ಕಪ್ಪಾದ ಕೂಡಲೇ ನೀನು ಅಂಗಡಿ ಕಟ್ಟೆಯ ಫರ್ಸಿ ಕಲ್ಲಿಗೆ ಗಸಗಸ ತಿಕ್ಕಿದೆ. ಮಿಂಚಿತು, ನಿಜ. ತಿಂಗಳು ತುಂಬುವುದರೊಳಗೆ ಹುಳುಕು ಹಲ್ಲಿನ ಹಾಗೆ ತೂತು ಬಿತ್ತು. ಕಂಪನಿಯನ್ನು ಬೈದೆ, ಮಾರಿದವನನ್ನು ಬೈದೆ, ಕಾಲವನ್ನೂ ಬೈದೆ. ಕಲ್ಲಿಗೆ ಮಾತ್ರ ಒಂದು ಮಾತು ಅನ್ನಲಿಲ್ಲ. ಕುಡಗೋಲು, ಈಳಿಗೆ, ಚಾಕು ಎಲ್ಲವನ್ನೂ ಅದಕ್ಕೇ ತಿಕ್ಕುವ ಶಹಾಬಾದಿನವನಿಗೆ ಆ ಕಲ್ಲು ಕೆಟ್ಟದ್ದು ಮಾಡುತ್ತದೆ ಅಂತ ಯಾರು ಹೇಳಿ ನಂಬಿಸಬೇಕು?

ಅವತ್ತಿನಿಂದ ನನ್ನ ಐರನ್ ನಾನು ಬೇರೆ ಇಟ್ಟೆ. ತುದಿ ಒರೆಸುವ ಒದ್ದೆ ಸ್ಪಂಜನ್ನು ಗಟ್ಟಿಯಾಗಿ ಹಿಂಡಿಡುವುದು, ತುದಿಯನ್ನು ಒಂದು ಸಲ ತಾಕಿಸಿ ಕೂಡಲೇ ಹೊಸ ಸೀಸ ಮೆತ್ತುವುದು. ಗಿರಾಕಿ ಜೊತೆ ಮಾತಿಗೆ ನಿಂತರೆ ಸ್ವಿಚ್ ಬಂದ್. ಸೀಸ ಕರಗಲಿಲ್ಲ ಅಂತ ಒತ್ತುವ ಹಾಗಿಲ್ಲ, ತುದಿಯನ್ನು ಮಗ್ಗುಲಾಗಿ ಮಲಗಿಸಿದರೆ ಸಾಕು, ಬಿಸಿ ತಾನಾಗಿ ಇಳಿಯುತ್ತದೆ. ಕೊಡ, ಬಕೆಟ್ಟಿನ ಬೆಸುಗೆಗೆ ನೀನು ಬಳಸುತ್ತಿದ್ದ ಆಸಿಡ್ಡನ್ನಂತೂ ಹತ್ತಿರ ಸುಳಿಯಗೊಡಲಿಲ್ಲ. ನಿನ್ನ ತುದಿಗಳು ಒಂದರ ಹಿಂದೆ ಒಂದು ಸತ್ತವು, ನನ್ನದು ಬದುಕಿತ್ತು. ನೀನು ನೋಡಿಯೂ ನೋಡದವನ ಹಾಗೆ... ಕಂಡಿತ್ತು ನಿನಗೆ. ಕಂಡೇ ಇತ್ತು.

ನೀನು ಹೋಗಿ ವರ್ಷ ತುಂಬಿದ ದಿನ ಕಾಕಿ ನಿನ್ನ ಫೋಟೊ ಮುಂದೆ ಅಂಗಡಿಯ ಹತ್ಯಾರಗಳನ್ನೆಲ್ಲ ಪೂಜೆಗೆ ಇಡಿಸಿದಳು. ಅಂಗಡಿ ಇನ್ನು ಮುಂದೆ ಯಾರು ನಡೆಸಬೇಕು ಅಂತ ಅವತ್ತೇ ಹೇಳುವವಳಿದ್ದಳು. ನನಗಿಂತ ಮೊದಲು ನಿನ್ನ ಕೈಯಲ್ಲಿ ಕಲಿತ ಶರಣಪ್ಪ ವಾಡಿಯಿಂದ ಬಂದಿದ್ದ. ಪೂಜೆಗೆ ಇಡುವುದು ಸ್ವಚ್ಛ ಇರಬೇಕು ಅಂತ ತಿಕ್ಕುವ ಪಾಲಿಶ್ ಕಾಗದ ಹಿಡಿದು ನನ್ನ ಐರನ್ನಿಗೇ ಕೈ ಹಾಕಿದ. ನಾನು ಕಸಿದುಕೊಂಡೆ. ಹಿಡಿಗೆ ವಿಭೂತಿ ಹಚ್ಚಿರಿ, ತುದಿಯ ಸೀಸ ಮುಟ್ಟಬೇಡಿ ಅಂದೆ. ಬಂದವರೆಲ್ಲ ನನ್ನ ಮುಖ ನೋಡಿದರು.

"ಗುರುವಿನ ಮಾತು ಮೀರಿದವರು ಗುರುವಿನ ಕುರ್ಚಿ ಮ್ಯಾಲ ಹೆಂಗ ಕೂಡತಾರ್ರಿ, ಕಾಕಿ?" ಅಂದ ಶರಣಪ್ಪ.

ಕಾಕಿ ನನ್ನ ಕೈ ಹಿಡಿದುಕೊಂಡಳು. "ಒರಸ್ತೀನಿ ಅಂತ ಒಂದ್ ಮಾತು ಅನ್ನು, ನೀಲಾ. ಅವರ ಫೋಟೊ ಮುಂದ ಅನ್ನು. ಅಂಗಡಿ ನಿಂದೇ."

ಒಂದೇ ಮಾತು, ಕಾಕಾ. ಅಂದುಬಿಟ್ಟು, ಆಮೇಲೆ ನನಗೆ ಬೇಕಾದ ಹಾಗೆ ಕೆಲಸ ಮಾಡಬಹುದಿತ್ತು. ಯಾರು ಬಂದು ನೋಡುತ್ತಿದ್ದರು? ಆದರೆ ನಿನ್ನ ಜೊತೆ ಎದುರಿಗೇ ಜಗಳಾಡಿದವಳು ನಾನು. ಫೋಟೊ ಆಗಿ ಕುಳಿತವನಿಗೆ ಸುಳ್ಳು ಹೇಳಲೇ?

"ಸುಳ್ಳು ಹೇಳಿ ಕಾಕಾನ ಕುರ್ಚಿ ಮ್ಯಾಲ ಕುಂದ್ರಂಗಿಲ್ಲ, ಕಾಕಿ. ನಾ ಒರಸಂಗಿಲ್ಲ."

ಅಂಗಡಿ ಶರಣಪ್ಪನ ಪಾಲಾಯಿತು. ಐರನ್ನನ್ನು ಚೀಲಕ್ಕೆ ಹಾಕಿಕೊಂಡು ಚಿತ್ತಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಅತ್ತೆ. ದುಃಖಕ್ಕಿಂತ ನಿನ್ನ ಮೇಲಿನ ಸಿಟ್ಟಿಗೆ ಅತ್ತೆ. ಬದುಕಿದ್ದಾಗಲೇ ಒಂದು ಸಲ, ಒಂದೇ ಸಲ, ಇವಳು ಹೇಳುವುದು ಸರಿ ಅಂತ ನಾಲ್ಕು ಜನರ ಮುಂದೆ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಈಗ ಇಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ರಿಪೇರಿ ಟೇಬಲ್ ಇದೆ. ಬೋರ್ಡಿನ ಮೇಲೆ ನಿನ್ನ ಹೆಸರೇ ಬರೆಸಿದ್ದೇನೆ. ಆ ಹೆಸರು ತೆಗೆಸು ಅಂತ ಶರಣಪ್ಪ ಹೇಳಿ ಕಳಿಸಿದ್ದ. ತೆಗೆಸುವುದಿಲ್ಲ. ನಿನ್ನ ಹತ್ತಿರ ಅವನಿಗಿಂತ ಹೆಚ್ಚು ಬೈಸಿಕೊಂಡವಳು ನಾನು. ಆ ಹೆಸರಿನ ಮೇಲೆ ನನಗಿಲ್ಲದ ಹಕ್ಕು ಅವನಿಗೆಲ್ಲಿಂದ ಬಂತು? ಒಂದು ವಿಷಯ ಮಾತ್ರ ನಿನಗೆ ಯಾರೂ ತಿಳಿಸಿರಲಿಕ್ಕಿಲ್ಲ. ಹೋದ ವಾರ ಕಾಕಿ ಬಂದಿದ್ದಳು. ಮೊಣಕಾಲು ನೋವಿನವಳು, ಬಗಲಲ್ಲಿ ದೊಡ್ಡ ಕೈಚೀಲ. ಅದರೊಳಗೆ ಅಡುಗೆಮನೆಯ ಮಿಕ್ಸರು, ಒಳಗಿನ ತಂತಿ ಕಿತ್ತಿತ್ತು. ಬೆಸುಗೆ ಹಾಕಿದೆ. ತುದಿಗೆ ಹೊಸ ಸೀಸ ಮೆತ್ತಿ, ಹಾಗೇ ಸ್ವಿಚ್ ಬಂದ್ ಮಾಡಿದೆ. ಕಾಕಿ ಎಲ್ಲವನ್ನೂ ನೋಡುತ್ತಲೇ ಕುಳಿತಿದ್ದಳು.

"ಒರಸಂಗಿಲ್ಲೇನ?" ಅಂದಳು.

"ಒರಸಂಗಿಲ್ಲ," ಅಂದೆ.

ಕಾಕಿ ಮಿಕ್ಸರನ್ನು ಚೀಲಕ್ಕೆ ಹಾಕಿಕೊಂಡಳು. ಚಹಾ ಕುಡಿದು ಹೋದಳು. ಕಾಕಾ, ಆ ಭಾರದ ಮಿಕ್ಸರನ್ನು ಅವಳು ಮನೆಯ ಮಗ್ಗುಲಿಗೇ ಇರುವ ನಿನ್ನ ಅಂಗಡಿ ದಾಟಿ, ಎರಡು ಬಸ್ಸು ಬದಲಿಸಿ ನನ್ನ ಹತ್ತಿರ ತಂದಿದ್ದಳು.