ಎಂಟನೆಯ ಇನ್ನಿಂಗ್ಸಿನಲ್ಲಿ ಬಾಯಿಬಿಟ್ಟ ಪರದೆ

ನಮ್ಮ ಕಾಲೇಜಿನ ಕ್ರೀಡಾ ನಿರ್ದೇಶಕರಿಗೆ,

ಮಾನ್ಯರೇ, ಅಂಕ ತೋರಿಸಲು ನೀವು ನಿಲ್ಲಿಸಿದ ಹೊಸ ಪರದೆ ಬಹಳ ದೊಡ್ಡದು, ಬಹಳ ಮಾತಾಡುತ್ತದೆ, ಮತ್ತು ಅದು ನನ್ನ ಗಂಡ ಹಾಯ್ಟನನ್ನು ಬೇಸ್‌ಬಾಲ್ ಮೈದಾನದಿಂದ ಎಬ್ಬಿಸಿ ಕಳುಹಿಸಿದೆ. ದೂರು ಇಷ್ಟೇ. ಉಳಿದದ್ದನ್ನು, ನಿಮ್ಮ ವಯಸ್ಸಿನ ಅಳಿಯನಿಗೆ ಬರೆಯುವ ಹಾಗೆ, ಬಿಡಿಸಿ ಬರೆಯುತ್ತೇನೆ.

ಮದುವೆಯಾದ ವರ್ಷದಿಂದ ನಾನೂ ಹಾಯ್ಟೂ ಬಲಬದಿಯ ಬೇಲಿಯಾಚೆ ಹುಲ್ಲುದಿಬ್ಬದ ಮೇಲೆ ಮಡಿಸುವ ಕುರ್ಚಿ ಹಾಕಿಕೊಂಡು, ಬೇಯಿಸಿದ ಶೇಂಗಾ ಸುಲಿಯುತ್ತ ಆಟ ನೋಡಿದವರು. ಸೋತ ವರ್ಷಗಳೇ ಹೆಚ್ಚು. ಆಗ ನಮ್ಮ ‘ಅನುಭವ’ವನ್ನು ಉತ್ತಮಪಡಿಸಲು ಯಾರೂ ಇರಲಿಲ್ಲವಾದ್ದರಿಂದ ಸುಖವಾಗಿಯೇ ಇದ್ದೆವು.

ಒಂದು ಪದ್ಧತಿ ನಿಮಗೆ ತಿಳಿಯದೆಂದು ನಂಬಲಾರೆ. ಎದುರಾಳಿಗಳಿಗೆ ಒಂದೇ ಒಂದು ಹೊಡೆತವನ್ನೂ ಬಿಟ್ಟುಕೊಡದೆ ಎಸೆತಗಾರ ಆರನೆಯ ಇನ್ನಿಂಗ್ಸು ದಾಟಿದನೆಂದರೆ, ಆಟದ ಒಂಬತ್ತೂ ಇನ್ನಿಂಗ್ಸು ಮುಗಿಯುವವರೆಗೆ ಆ ವಿಷಯವನ್ನು ಯಾರೂ ಬಾಯಲ್ಲಿ ಆಡಬಾರದು. ಆಡಿದರೆ ಕಣ್ಣು ಬೀಳುತ್ತದೆ. ಮೂಢನಂಬಿಕೆ ಎನ್ನುವಿರಾ? ಇರಲಿ. ಆದರೆ ಮೈದಾನದ ತುಂಬ ಜನ ಒಂದೇ ಮಾತನ್ನು ಒಟ್ಟಿಗೆ ನುಂಗಿಕೊಂಡು ಕೂರುವ ಜಾಗ, ಚರ್ಚು ಬಿಟ್ಟರೆ, ಮಿಸಿಸಿಪ್ಪಿಯಲ್ಲಿ ಇನ್ನೆಲ್ಲಿದೆ?

ಮಾರ್ಚ್ ತಿಂಗಳ ಒಂದು ಶನಿವಾರ ನಮ್ಮ ಎಸೆತಗಾರ, ಟೈರ್ ಅಂಗಡಿಯವರ ಮಗ ಡೆಸ್ಮಂಡ್, ಅಂಥದೇ ಆಟ ಆಡುತ್ತಿದ್ದ. ನಮ್ಮ ಪಕ್ಕ ಹೊಸ ಪಾದ್ರಿಯವರ ಹೆಂಡತಿ ಕೂತಿದ್ದರು. ಏಳನೆಯದರಲ್ಲಿ ಅವರು, “ಅಲ್ಲ, ಈ ಹುಡುಗ ಇನ್ನೂ ಒಂದೂ...” ಎನ್ನುತ್ತಿದ್ದಂತೆ ಹಾಯ್ಟ್ ತಡೆದ.

“ತಾಯೀ, ನಿಮ್ಮನೇಲಿ ಟೊಮ್ಯಾಟೊ ಹೇಗ್ ಬಂದಿದೆ?”

“ನಾವು ಟೊಮ್ಯಾಟೊ ಹಾಕಿಲ್ವಲ್ಲ.”

“ಹಾಗಾದ್ರೆ ಯಾವಾಗ ಹಾಕ್ತೀರ ಅಂತ ಮಾತಾಡೋಣ. ಅದೊಂದು ಮಾತು ಮಾತ್ರ ಬೇಡ.”

ಆಕೆಗೆ ಅರ್ಥವಾಯಿತು. ದಿಬ್ಬದ ಮೇಲಿನವರೆಲ್ಲ ಗೊಬ್ಬರ, ಹುಳು, ಸಸಿ ಎಂದು ಗಂಭೀರವಾಗಿ ಚರ್ಚಿಸತೊಡಗಿದರು. ಯಾರ ಕಣ್ಣೂ ಡೆಸ್ಮಂಡನನ್ನು ಬಿಟ್ಟು ಕದಲಲಿಲ್ಲ.

ಎಂಟನೆಯದರಲ್ಲಿ ನಿಮ್ಮ ಪರದೆ ಮನೆಯಷ್ಟು ದೊಡ್ಡ ಅಕ್ಷರದಲ್ಲಿ ಹೇಳಿಯೇಬಿಟ್ಟಿತು: ‘ಇದುವರೆಗೆ ಒಂದೂ ಹೊಡೆತ ಇಲ್ಲ! ಗಲಾಟೆ ಮಾಡಿ!’ ಜೊತೆಗೆ ಪಟಾಕಿಯ ಸದ್ದು. ಹುಡುಗ ಹಿಂತಿರುಗಿ ಅದನ್ನು ಓದಿದ. ಮುಂದಿನ ಎಸೆತಕ್ಕೆ ಬ್ಯಾಟಿನ ತುದಿ ತಾಗಿದ ಚೆಂಡು, ಯಾರ ಕೈಗೂ ಸಿಗದೆ, ಒದ್ದೆ ಬಟ್ಟೆಯಂತೆ ಹುಲ್ಲಿನ ಮೇಲೆ ಬಿತ್ತು; ಎದುರಾಳಿಗಳ ಮೊದಲ ಹೊಡೆತ ಲೆಕ್ಕಕ್ಕೆ ಸೇರಿತು.

ಹಾಯ್ಟ್ ಕುರ್ಚಿ ಮಡಿಸಿದ. “ನಡಿ ವರ್ಲೀನ್. ಬಾಯಿರೋ ಮನುಷ್ಯನಿಗಾದ್ರೆ ಬಾಯ್ಮುಚ್ಚು ಅನ್ನಬಹುದು. ಇದಕ್ಕೇನು ಹೇಳೋದು.” ಅವನು ಮತ್ತೆ ಬಂದಿಲ್ಲ.

ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಗುಮುಖದ ಹುಡುಗಿಯೊಬ್ಬಳು, “ಅಜ್ಜೀ, ಇದೆಲ್ಲ ಅಭಿಮಾನಿಗಳನ್ನ ಕೇಳಿಯೇ ಮಾಡಿದ್ದು,” ಎಂದಳು.

“ಯಾವ ಅಭಿಮಾನಿಗಳನ್ನಮ್ಮ?”

“ಆಟಕ್ಕೆ ಬರದೇ ಇರೋರನ್ನ. ಯಾಕೆ ಬರಲ್ಲ ಅಂತ.”

ಎಂಥ ದೂರದೃಷ್ಟಿ, ಮಾನ್ಯರೇ. ಬರದವರನ್ನು ಕೇಳಿ, ಬರುವವರನ್ನು ಎಬ್ಬಿಸಿದಿರಿ. ಇನ್ನು ಮುಂದೆ ಹಾಯ್ಟನ ಅಭಿಪ್ರಾಯಕ್ಕೂ ಬೆಲೆ ಬಂದೀತು. ಅವನೂ ಈಗ ಬರದವರ ಸಾಲಿಗೆ ಸೇರಿದ್ದಾನಲ್ಲ. ಜನರ ಮೌನವನ್ನು ಖಾಲಿ ಜಾಗ ಎಂದುಕೊಂಡು ಅಲ್ಲಿ ಸದ್ದು ತುಂಬುವವರಿಗೆ ಏನೆಂದು ತಿಳಿಹೇಳಲಿ?

ಹಾಯ್ಟನಿಗೆ ಹೃದಯದ ಕಾಯಿಲೆ ಬಲಿತಿದೆ. ಮುಂದಿನ ವಸಂತದಲ್ಲಿ ಅವನು ಆಟ ನೋಡಬಹುದೇ ಎಂದು ವೈದ್ಯರನ್ನು ಕೇಳಿದೆ. ಆ ಒಳ್ಳೆಯ ಮನುಷ್ಯ ಕಿಟಕಿಯಾಚೆ ನೋಡುತ್ತ, “ಈ ಸಲ ಟೊಮ್ಯಾಟೊ ಚೆನ್ನಾಗಿದೆಯಾ ಅಮ್ಮ?” ಎಂದರು. ಅವರೂ ದಿಬ್ಬದ ಮೇಲೆ ಕೂತು ಬೆಳೆದವರು.

ಆದ್ದರಿಂದ ನನ್ನ ಬೇಡಿಕೆ ಇದು: ಈ ಋತುವಿನ ಕೊನೆಯ ಮಂಗಳವಾರದ ಆಟದಂದು, ಮೊದಲ ಎಸೆತದಿಂದ ಕೊನೆಯದರವರೆಗೆ, ಆ ಪರದೆಯನ್ನೂ ಧ್ವನಿವರ್ಧಕವನ್ನೂ ಆರಿಸಿಡಿ. ನೀವು ಮಾಡುವುದಿಲ್ಲವೆಂದು ಬಲ್ಲೆ. ಮಾಡಿದಿರೋ, ಹಾಯ್ಟನನ್ನು ಹೇಗಾದರೂ ಕರೆತರುತ್ತೇನೆ. ಅವನೇಕೆ ಬಂದನೆಂದು ದಿಬ್ಬದ ಮೇಲಿನ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಡುವುದಿಲ್ಲ. ದಯವಿಟ್ಟು ನೀವೂ ಅದನ್ನು ಪರದೆಯ ಮೇಲೆ ಹಾಕಬೇಡಿ.

ಇಂತಿ,
ಎರಡು ಕುರ್ಚಿ ಹಾಕಿ ಒಂದರಲ್ಲಿ ಕೂರುವ
ವರ್ಲೀನ್ ಗ್ಯಾಡಿಸ್
ಬಲಬದಿಯ ಬೇಲಿಯಾಚೆ