ಏರಿನಲ್ಲಿ ನಡುಕ

ಜೂನ್ 3, ಸೋಮವಾರ

ಇವತ್ತೂ ಅದೇ. ಸೇತುವೆ ದಾಟಿ, ಏರು ಶುರುವಾಗಿ, ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿಗೆ ಚಳಿಜ್ವರ ಬಂದ ಹಾಗೆ ನಡುಕ. ಕಾಲು ತೆಗೆದರೆ ಸುಮ್ಮನಾಗುತ್ತದೆ. ಇವರಿಗೆ ಹೇಳಿದರೆ, "ಗಾಡಿ ಅಲ್ಲ ಕಣೇ, ನಿನ್ನ ಕಾಲು ನಡುಗ್ತಿರೋದು" ಎಂದು ಹಲ್ಲು ಕಿರಿದರು. ನಗಲಿ. ಈ ತಿಂಗಳು ಮುಗಿಯುವುದರೊಳಗೆ ಮಗಳು ಪುಟ್ಟಿ ಇದೇ ಗಾಡಿಯಲ್ಲಿ ಬೆಟ್ಟ ದಾಟಿ ಹೋಗಬೇಕು. ಆಚೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಒಬ್ಬಳೇ. ಅಷ್ಟರೊಳಗೆ ಸರಿಯಾಗಲೇಬೇಕು. ಅಣ್ಣನ ಗ್ಯಾರೇಜಿಗೆ ಒಯ್ಯುತ್ತೇನೆ.

ಜೂನ್ 5, ಬುಧವಾರ

ಅಣ್ಣನ ವರಸೆ ಎಲ್ಲರಿಗೂ ಗೊತ್ತು — ಮೀಟರ್, ಕಂಪ್ಯೂಟರ್ ಒಂದೂ ಬೇಡ. ಪಕ್ಕದ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ರೋಗ ಹೇಳುತ್ತಾನೆ. ಊರಿನ ಅರ್ಧ ಗಾಡಿಗಳು ಓಡುತ್ತಿರುವುದೇ ಆ ಕೈಯನ್ನು ನಂಬಿ.

ಏರಿನಲ್ಲಿ ಒತ್ತಿದೆ. ಕೀ ಗೊಂಚಲು ಕುಣಿಯಿತು. ನನ್ನ ಹಲ್ಲು ಕಟಕಟ.

"ಎಲ್ಲೇ? ಏನೂ ಇಲ್ವಲ್ಲ."

"ಅಣ್ಣಾ, ತಮಾಷೆ ಮಾಡ್ಬೇಡ."

ಕಣ್ಣು ಬಿಟ್ಟು ಕೀ ಗೊಂಚಲು ನೋಡಿದ. ಆಮೇಲೆ, "ಹ್ಞಾಂ… ಇದೆ, ಇದೆ. ವೀಲ್ ಬ್ಯಾಲೆನ್ಸ್" ಎಂದ. ವಯಸ್ಸಾಯಿತು ನಿನಗೆ ಎಂದು ರೇಗಿಸಿದೆ. ನಗಲಿಲ್ಲ. ಯಾಕೋ ನನಗೂ ನಗು ಬರಲಿಲ್ಲ.

ಜೂನ್ 18, ಮಂಗಳವಾರ

ಬ್ಯಾಲೆನ್ಸ್ ಮಾಡಿದ್ದಾಯಿತು. ಎಂಜಿನ್ ಮೌಂಟ್ ಬದಲಾಯಿಸಿದ್ದಾಯಿತು. ಇಷ್ಟು ದಿನ ಗಾಡಿ ಅಲ್ಲೇ ಬಿದ್ದಿತ್ತು. ನಡುಕ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ. ಸುಡುಗಾಡು!

"ಸೇತುವೆ ಹತ್ರ ಹೊಸ ಗ್ಯಾರೇಜ್ ಇದೆಯಲ್ಲ, ತೋರಿಸ್ಕೊಂಡು ಬಾ" ಎನ್ನುತ್ತಾರೆ ಇವರು. ಹೇಳುವುದು ಸುಲಭ. ಅಪ್ಪ ಹೋದ ಮೇಲೆ ಸ್ಕೂಲು ಬಿಟ್ಟು, ಸ್ಪ್ಯಾನರ್ ಹಿಡಿದು ನನ್ನನ್ನು ಓದಿಸಿದವನು ಅವನು. ತಂಗಿಯ ಗಾಡಿ ಬೇರೆಯವರ ಗ್ಯಾರೇಜಿನಲ್ಲಿ ಕಂಡರೆ ಅವನ ಮುಖಕ್ಕೆ ಮಸಿ ಬಳಿದ ಹಾಗೆ.

ಜೂನ್ 20, ಗುರುವಾರ

ಹೋದೆ. ಕದ್ದು ಹೋದೆ.

ಅಲ್ಲಿನ ಮೆಕ್ಯಾನಿಕ್ ಗಾಡಿ ಮೇಲೆತ್ತಿ, ಚಕ್ರ ತಿರುಗಿಸುವ ಆಕ್ಸೆಲ್ ಹಿಡಿದು ಅಲ್ಲಾಡಿಸಿದ. "ಒಳಗಡೆ ಜಾಯಿಂಟ್ ಸವೆದಿದೆ ಮೇಡಂ. ಎಂಜಿನ್ ಎಳೆಯೋವಾಗ ನಡುಗುತ್ತೆ, ಕಾಲು ತೆಗೆದ್ರೆ ನಿಲ್ಲುತ್ತೆ. ಮುಟ್ಟಿದ್ರೇ ಗೊತ್ತಾಗುತ್ತಲ್ಲ, ನೋಡಿ."

ಮುಟ್ಟಿದೆ. ಲೊಡಲೊಡ. ಗಾಡಿಯ ಗಂಧಗಾಳಿ ಗೊತ್ತಿಲ್ಲದ ನನಗೇ ತಿಳಿಯಿತು. ಅಣ್ಣನಿಗೆ ಹೇಗೆ ತಿಳಿಯಲಿಲ್ಲ?

ಅಲ್ಲಿ ಮಾಡಿಸಲಿಲ್ಲ. ಆಕ್ಸೆಲ್ ಜಾಯಿಂಟ್ ಸವೆದಿರಬೇಕು, ಫೋನಿನಲ್ಲಿ ಓದಿದೆ ಎಂದು ಅಣ್ಣನಿಗೆ ಸುಳ್ಳು ಹೇಳಿದೆ. "ಹ್ಞೂಂ, ಬದಲಾಯಿಸೋಣ" ಎಂದು ಒಪ್ಪಿಕೊಂಡ. ಅವನು ಜಗಳವಾಡಿದ್ದರೇ ಚೆನ್ನಾಗಿತ್ತು.

ಜೂನ್ 22, ಶನಿವಾರ

ಎಡಗಡೆ ಚಕ್ರ ಬಿಚ್ಚಿ ಹೊಸ ಆಕ್ಸೆಲ್ ಹಾಕಿದ. ಏರಿನಲ್ಲಿ ಒತ್ತಿದೆ — ಬೆಣ್ಣೆ! ಖುಷಿಗೆ ಅಣ್ಣನ ಬೆನ್ನಿಗೊಂದು ಗುದ್ದಿದೆ.

"ನಾಳೆ ಪುಟ್ಟಿ ಆರಾಮಾಗಿ ಹೋಗ್ಲಿ ಬಿಡು" ಎಂದ. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತ ಕುಡಿದ.

ಜೂನ್ 23, ಭಾನುವಾರ, ಬೆಳಿಗ್ಗೆ

ಹೊರಟಳು. ಸೂಟ್‌ಕೇಸ್, ಕುಕ್ಕರ್, ದಿಂಬು. "ಏನಮ್ಮಾ, ಗಾಡಿ ನಡುಗೋದು ನಿಂತ್ರೆ ನೀನು ಶುರು ಹಚ್ಕೊಂಡ್ಯಲ್ಲ!" ಬಾಯಿ ನೋಡು ಅವಳದು. ಮನೆ ಬಿಕೋ ಎನ್ನುತ್ತಿದೆ.

ಅದೇ ದಿನ, ಹನ್ನೊಂದೂವರೆ

ಏನಾದರೂ ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಅಣ್ಣನಿಗೆ ಥ್ಯಾಂಕ್ಸ್ ಹೇಳಲು ಗ್ಯಾರೇಜಿಗೆ ಹೋಗಿದ್ದೆ. ಸ್ಟಾರ್ಟ್ ಆಗಿದ್ದ ಯಾವುದೋ ಗಾಡಿಯ ಸೈಲೆನ್ಸರ್ ಮೇಲೆ ಕೈಯಿಟ್ಟು ಬಗ್ಗಿ ನೋಡುತ್ತಿದ್ದ. ಚರ್ಮ ಸುಟ್ಟ ವಾಸನೆ ನನಗೆ ಬಂತು. ಅವನು ಕೈ ತೆಗೆಯಲಿಲ್ಲ. ಅತ್ತಿಗೆ ಓಡಿಬಂದು ಎಳೆದರು.

"ಬೆರಳಿಗೆ ಸ್ಪರ್ಶವೇ ಇಲ್ಲ ಕಣೇ. ಎಷ್ಟೋ ತಿಂಗಳಾಯ್ತು. ನಿನ್ ದಮ್ಮಯ್ಯ, ಯಾರಿಗೂ ಹೇಳ್ಬೇಡ, ಗಿರಾಕಿಗಳು ಬರಲ್ಲ" ಎಂದ ಅಣ್ಣ.

ನನ್ನ ತಲೆಯಲ್ಲಿ ಒಂದೇ ಮಾತು. "ಪುಟ್ಟಿ ಗಾಡಿ ಚಕ್ರ ಬಿಚ್ಚಿದ್ಯಲ್ಲ, ನಟ್ ಟೈಟ್ ಮಾಡಿದೀಯಾ?"

"ಮಾಡಿದೀನಿ… ಮಾಡಿರ್ಬೇಕು."

"ಇರ್ಬೇಕು ಅಂದ್ರೇನು?"

"ಮೊದಲೆಲ್ಲ ಸಾಕು ಅಂತ ಕೈ ಹೇಳ್ತಿತ್ತು. ಈಗ ಅಂದಾಜಿನ ಮೇಲೆ…"

ಕೆನ್ನೆಗೆ ಬಾರಿಸಬೇಕು ಅನಿಸಿತು. ಅಪ್ಪನ ಹಾಗೆ ಸಾಕಿದವನಿಗೆ.

ಫೋನ್ ತೆಗೆದರೆ ಪುಟ್ಟಿಯ ವಾಯ್ಸ್ ಮೆಸೇಜ್, ಆಗಲೇ ಬಂದು ಬಿದ್ದಿದೆ. "ಅಮ್ಮಾ, ನಡುಕ ಇಲ್ವೇ ಇಲ್ಲ, ಮಾಮಂಗೆ ಹೇಳು. ಎಡಗಡೆ ಚಕ್ರ ಮಾತ್ರ ಟಕ್ ಟಕ್ ಅಂತಿದೆ. ಹೊಸ ಪಾರ್ಟ್ ಅಲ್ವಾ, ಸರಿಹೋಗುತ್ತೆ. ಇಳಿಜಾರು ಬಂತು, ಇಡ್ತೀನಿ."

ಅಣ್ಣನೂ ಕೇಳಿದ. ಬಿಳಿಚಿಕೊಂಡ. "ನಿಲ್ಸು ಅನ್ನು. ಈಗಲೇ ನಿಲ್ಸು ಅನ್ನು ಅವಳಿಗೆ!"

ನಾಟ್ ರೀಚಬಲ್. ಮತ್ತೆ ನಾಟ್ ರೀಚಬಲ್. ಮೆಸೇಜ್ ಹಾಕಿದ್ದೇನೆ, ಒಂದೇ ಟಿಕ್. ಇವರು ಪಕ್ಕದ ಮನೆಯವರ ಗಾಡಿ ತೆಗೆದುಕೊಂಡು ಅವಳ ಹಿಂದೆ ಹೋಗಿದ್ದಾರೆ. ಅಣ್ಣ ನನ್ನ ಜೊತೆಯೇ ಬಂದು ಎದುರಿಗೆ ಕೂತಿದ್ದಾನೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಏನೂ ಆಗಿರುವುದಿಲ್ಲ. ಸಿಗ್ನಲ್ ಇಲ್ಲ, ಅಷ್ಟೆ. ಆದರೆ ಏನಾದರೂ ಆಗಿದ್ದರೆ ದಾರಿಯಲ್ಲಿ ಕಂಡವರು ಯಾರಿಗೆ ಫೋನ್ ಮಾಡುತ್ತಾರೆ? ಗಾಡಿಯ ಹಿಂದಿನ ಗಾಜಿನ ಮೇಲಿರುವುದು ಅಣ್ಣನ ಗ್ಯಾರೇಜಿನ ನಂಬರ್ ಒಂದೇ.

ಅಣ್ಣನ ಫೋನ್ ಹೊಡೆದುಕೊಳ್ಳುತ್ತಿದೆ, ಯಾವುದೋ ಗೊತ್ತಿಲ್ಲದ ನಂಬರ್. ನೋಡುತ್ತಿದ್ದಾನೆ, ಎತ್ತುತ್ತಿಲ್ಲ. ಎತ್ತೋ ಅಣ್ಣಾ, ಎತ್ತು ಅಂತ—